ನಲವತ್ತೊಂದನೇ ಮನೆಯ ಗಿರಿಜಮ್ಮ

ಹೋದ ತಿಂಗಳು ನಮ್ಮ ಬೀದಿಗೆ ಸರ್ವೆಗೆಂದು ಇಬ್ಬರು ಆರೋಗ್ಯ ಕಾರ್ಯಕರ್ತೆಯರು ಬಂದಿದ್ದರು. ನನ್ನ ವಯಸ್ಸು, ಬಿ.ಪಿ., ಸಕ್ಕರೆ ಎಲ್ಲವನ್ನೂ ಮೊಬೈಲಿನಲ್ಲಿ ಒತ್ತಿಕೊಂಡರು. ನಾನೂ ಅದೇ ಇಲಾಖೆಯಲ್ಲಿ ಸವೆದವಳು ಎಂದು ಗೊತ್ತಾದ ಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತು ಕಾಫಿ ಕುಡಿದರು. ಅವರಲ್ಲಿ ಚಿಕ್ಕವಳು, "ನಿಮ್ ಕಾಲದಲ್ಲಿ ಕಂಪ್ಯೂಟರ್ ಇರ್ಲಿಲ್ಲ ಅಲ್ವಾ ಮೇಡಂ? ಪಾಪ, ಎಷ್ಟ್ ಕಷ್ಟ ಪಟ್ರೋ" ಎಂದಳು.

"ಯಾಕಿರ್ಲಿಲ್ಲ? ಇತ್ತು ಕಣೇ. ಎಲೆಅಡಿಕೆ ಹಾಕ್ತಿತ್ತು. ಮಧ್ಯಾಹ್ನ ಊಟ ಆದ್ಮೇಲೆ ಅರ್ಧ ಗಂಟೆ ಗೊರಕೆ ಹೊಡೀತಿತ್ತು" ಎಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ನನ್ನ ಬಿ.ಪಿ. ಇನ್ನೊಂದು ಸಲ ನೋಡಬೇಕೇನೋ ಎಂಬ ಅನುಮಾನ ಅವರ ಕಣ್ಣಲ್ಲಿತ್ತು.

ನಾನು ಹೇಳಿದ್ದು ಸುಳ್ಳಲ್ಲ. ಆಗಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕುಟುಂಬ ಯೋಜನೆಯ ಅಂಕಿಸಂಖ್ಯೆ ಕೂಡಿಸಿ ಮೇಲಕ್ಕೆ ಕಳಿಸುವುದಕ್ಕೆಂದೇ ಒಬ್ಬ ಮನುಷ್ಯನಿದ್ದ. ಆ ಹುದ್ದೆಯ ಹೆಸರೇ ಕಂಪ್ಯೂಟರ್. ಹಾಜರಿ ಪುಸ್ತಕದಲ್ಲಿ ಹಾಗೆಯೇ ಬರೆದಿರುತ್ತಿತ್ತು. ನಾನು ಅಜ್ಜಂಪುರದ ಸೀಮೆಯಲ್ಲಿ ಕೆಲಸ ಮಾಡುವಾಗ ನಮಗಿದ್ದ ಕಂಪ್ಯೂಟರಿನ ಹೆಸರು ರುದ್ರಪ್ಪ. ಒಳ್ಳೆಯ ಮನುಷ್ಯ. ಆದರೆ ಯಂತ್ರದ ಗುಣ ಅವರಿಗೆ ಆಗಲೇ ಬಂದುಬಿಟ್ಟಿತ್ತು. ಪುಸ್ತಕದಲ್ಲಿ ಇದ್ದದ್ದು ಮಾತ್ರ ಜಗತ್ತಿನಲ್ಲಿ ಇದೆ ಎಂದು ನಂಬಿದ್ದರು.

ಆ ಹುಡುಗಿಯರು ನಕ್ಕು ನಕ್ಕು, "ಬರೆದಿಡಿ ಮೇಡಂ, ನಾವು ಓದ್ತೀವಿ" ಎಂದು ಹೇಳಿ ಹೋದರು. ಅವರಿಗಾಗಿ ಬರೆಯುತ್ತಿದ್ದೇನೆ. ನಾನು ಮಾತು ಕಲಿತದ್ದು ನಮ್ಮಜ್ಜಿಯ ಹತ್ತಿರ. ಬಳಸು ದಾರಿಯಲ್ಲಿ ಹೋಗಿ ಊರು ಸೇರುವ ಅಭ್ಯಾಸ ಅವರಿಗಿತ್ತು, ನನಗೂ ಇದೆ. ಸಹಿಸಿಕೊಳ್ಳಬೇಕು.

ಎ.ಎನ್.ಎಂ. ನರ್ಸ್ ತರಬೇತಿ ಮುಗಿಸಿ ಎಪ್ಪತ್ತರ ದಶಕದಲ್ಲಿ ನಾನು ಮೊದಲು ಹೋದದ್ದು ಕಡೂರು ತಾಲ್ಲೂಕಿನ ಪಂಚನಹಳ್ಳಿ ಕಡೆಗೆ. ಹೆರಿಗೆ ಮಾಡಿಸುವ ಕನಸು ಕಟ್ಟಿಕೊಂಡು ಹೋದವಳ ಕೈಗೆ ಒಂದು ಡಬ್ಬಿ ಬಣ್ಣ, ಒಂದು ಕುಂಚ, ಒಂದು ಅಗಲವಾದ ರಿಜಿಸ್ಟರ್ ಕೊಟ್ಟರು. ಮೊದಲು ಮನೆಮನೆಗೆ ನಂಬರ್ ಬರಿ, ಯಾವ ಮನೆಯಲ್ಲಿ ಯಾರಿದ್ದಾರೆ ಬರಿ, ಹೆರಿಗೆ ಆಮೇಲೆ ತಾನಾಗಿ ಬರುತ್ತದೆ ಎಂದರು. ಸರಿ, ಕೆರೆಯ ಕಡೆಯಿಂದ ಶುರು ಮಾಡಿ ಬಾಗಿಲ ಪಕ್ಕದ ಗೋಡೆಗೆ ಒಂದು, ಎರಡು, ಮೂರು ಎಂದು ಬಳಿಯುತ್ತಾ ಹೋದೆ. ಏಳನೆಯ ಮನೆಯ ಗೌಡರು ಹೊರಗೆ ಬಂದು ಪಕ್ಕದ ಗೋಡೆ ನೋಡಿದರು, ತಮ್ಮ ಗೋಡೆ ನೋಡಿದರು.

"ಏನ್ ನರ್ಸಮ್ಮ, ಪಕ್ಕದ ಮನೆಯೋನು ನನ್ ತಮ್ಮ. ನಮ್ಮಪ್ಪನಿಗೆ ಮೊದ್ಲು ಹುಟ್ಟಿದ್ದು ನಾನು. ಅವ್ನಿಗೆ ಆರು, ನನಗೆ ಏಳಾ?"

"ಗೌಡ್ರೇ, ಇದು ದಾರೀಲಿ ಬಂದ ಹಂಗೆ ಹಾಕಿದ್ ನಂಬರು."

"ಹಂಗಾದ್ರೆ ಆ ಕಡೆ ದಾರೀಲಿ ಬಾ."

ನಗಬೇಡಿ. ಹೊಸಬಳು, ಇಪ್ಪತ್ತರ ವಯಸ್ಸು, ಎದುರಿಗೆ ಊರಗೌಡರು. ಎಲ್ಲಾ ನಂಬರನ್ನೂ ಸುಣ್ಣ ಹೊಡೆದು ಅಳಿಸಿ ಆ ಕಡೆಯ ದಾರಿಯಿಂದಲೇ ಬಂದೆ. ಅಣ್ಣನಿಗೆ ತಮ್ಮನಿಗಿಂತ ಮೊದಲಿನ ನಂಬರು ಸಿಕ್ಕಿತು, ಊರು ತಣ್ಣಗಾಯಿತು. ಆದರೆ ಮಲೇರಿಯಾ ಕೆಲಸದವನ ಕೈಯಲ್ಲಿ ಹಳೆಯ ನಂಬರಿನ ಪಟ್ಟಿ ಇತ್ತು. ಮೂರನೇ ಮನೆಯ ರಕ್ತದಲ್ಲಿ ಮಲೇರಿಯಾ ಸಿಕ್ಕಿದೆ ಎಂದು ಅವನು ಮಾತ್ರೆ ತಂದು ಹೊಸ ಮೂರನೇ ಮನೆಯವನಿಗೆ ನುಂಗಿಸಿಬಿಟ್ಟ. ಅವನೋ ಗರಡಿಯಾಳು. ಕಲ್ಲು ಕೊಟ್ಟರೂ ಅರಗಿಸುವವನು. ಸರ್ಕಾರದವರು ಸುಮ್ಮನೆ ಮನೆ ಹುಡುಕಿಕೊಂಡು ಬರುತ್ತಾರಾ, ತನಗೆ ಏನೋ ಇರಲೇಬೇಕು ಎಂದು ಮೂರು ದಿನ ಕಂಬಳಿ ಹೊದ್ದು ನಡುಗಿದ! ಆ ಮೇಲೆ ನಿಜವಾದ ರೋಗಿಯನ್ನು ಹುಡುಕಿ ಮಾತ್ರೆ ಕೊಟ್ಟೆವೆನ್ನಿ. ಗೋಡೆಯ ಮೇಲೆ ಬರೆದ ಒಂದು ಅಂಕಿ ಗಟ್ಟಿಮುಟ್ಟಾದ ಮನುಷ್ಯನನ್ನು ಮಲಗಿಸಬಲ್ಲದು ಎಂದು ನಾನು ಅವತ್ತು ತಿಳಿದುಕೊಂಡೆ. ತಿಳಿದುಕೊಂಡೆ ಎಂದರೆ, ಮರೆತುಬಿಡುವ ಮಟ್ಟಿಗೆ ತಿಳಿದುಕೊಂಡೆ.

ನಾಲ್ಕೈದು ವರ್ಷದ ಮೇಲೆ ನನಗೆ ಶಿವನಿ ಕಡೆಯ ಒಂದು ಹಳ್ಳಿಗೆ ವರ್ಗವಾಯಿತು. ಊರಿನ ಹೆಸರು ಹೇಳುವುದಿಲ್ಲ, ಮುಂದೆ ಬರುವವರ ಹೆಸರುಗಳೂ ನಾನು ಇಟ್ಟವು. ಇಬ್ಬರಿಗೆ ಒಂದೇ ಹೆಸರಿದ್ದದ್ದು ಮಾತ್ರ ನಿಜ.

ಅಲ್ಲಿ ನನ್ನ ಮುಖ್ಯ ಪುಸ್ತಕ ಅರ್ಹ ದಂಪತಿಗಳ ರಿಜಿಸ್ಟರು. ಹೆರುವ ವಯಸ್ಸಿನ, ಗಂಡನಿರುವ ಹೆಂಗಸರೆಲ್ಲ ಅದರಲ್ಲಿ ಇರಬೇಕು: ಮನೆ ನಂಬರು, ಹೆಸರು, ಗಂಡನ ಹೆಸರು, ವಯಸ್ಸು, ಮಕ್ಕಳೆಷ್ಟು. ನಲವತ್ತೈದು ತುಂಬಿದವರ ಹೆಸರು ಹೊಡೆದುಹಾಕಬೇಕು. ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ "ಶ" ಎಂದು ಬರೆಯಬೇಕು. ಶಸ್ತ್ರಚಿಕಿತ್ಸೆಯ ಶ.

ಈ ಪುಸ್ತಕ ಇಲಾಖೆಗಿಂತ ಊರಿಗೆ ಹೆಚ್ಚು ಬೇಕಾಗಿತ್ತು. ಯಾರ ಮಗಳಿಗೆ ಎಷ್ಟು ವಯಸ್ಸು, ಯಾರ ಮನೆಯಲ್ಲಿ ಎಷ್ಟು ಮಕ್ಕಳು ಉಳಿದವು, ಎಲ್ಲಾ ನನ್ನ ಪುಸ್ತಕಗಳಲ್ಲಿ ಇರುತ್ತಿತ್ತಲ್ಲ. ಮದುವೆ ಸಂಬಂಧ ಕುದುರಿಸುವ ಬಸಪ್ಪಯ್ಯ ಎಂಬುವರು ವಾರಕ್ಕೊಮ್ಮೆ ನಮ್ಮ ಉಪಕೇಂದ್ರದ ಜಗಲಿಯ ಮೇಲೆ ಹಾಜರ್.

"ನರ್ಸಮ್ಮ, ಹದಿನೇಳನೇ ನಂಬರ್ ಮನೆ ಹುಡ್ಗೀಗೆ ಎಷ್ಟು ಬರ್ದಿದೀರಿ?"

"ಅದೆಲ್ಲ ಹೇಳ್ಬಾರ್ದು ಬಸಪ್ಪಯ್ನೋರೇ."

"ಹೇಳ್ಬೇಡಿ. ಹದಿನೆಂಟು ಆಗೈತೆ ಅಂದ್ರೆ ಒಂದ್ಸಲ ಕೆಮ್ಮಿ ಸಾಕು."

ನಾನು ಕೆಮ್ಮುತ್ತಿರಲಿಲ್ಲ. ಆದರೆ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟು ಒಳಗೆ ಸಿರಿಂಜ್ ಕುದಿಸಲು ಹೋಗುತ್ತಿದ್ದೆ. ಅದು ಕೆಮ್ಮುವುದಕ್ಕಿಂತ ದೊಡ್ಡ ತಪ್ಪು.

ಇನ್ನು ನಲವತ್ತೊಂದನೇ ಮನೆ. ಯಜಮಾನರು ಸಿದ್ಧಲಿಂಗಪ್ಪ, ಈರುಳ್ಳಿ ಬೆಳೆಯುವ, ಮಠಕ್ಕೆ ನಡೆದುಕೊಳ್ಳುವ, ಹತ್ತು ಮಾತಿಗೆ ಒಂದು ಮಾತಾಡುವ ಮನುಷ್ಯ. ಹೆಂಡತಿ ಗಿರಿಜಮ್ಮ. ಮಿಕ್ಕ ಒಂಬತ್ತು ಮಾತು ಅವರದು. ಒಬ್ಬನೇ ಮಗ ಮಹದೇವ, ಸ್ವಲ್ಪ ಸಿಡುಕ. ಅವನಿಗೆ ವೈಶಾಖದಲ್ಲಿ ದೇವನೂರಿನಿಂದ ಹೆಣ್ಣು ತಂದರು. ಆ ಹುಡುಗಿಯ ಹೆಸರೂ ಗಿರಿಜಾ.

ನಮ್ಮ ಕಡೆಯ ಮನೆಗಳಲ್ಲಿ ಇದಕ್ಕೊಂದು ಪದ್ಧತಿ ಉಂಟು. ಸೊಸೆಗೆ ಅತ್ತೆಯ ಹೆಸರೇ ಇದ್ದರೆ ಮಗ ತಾಯಿಯ ಹೆಸರು ಹಿಡಿದು ಹೆಂಡತಿಯನ್ನು ಕೂಗಬೇಕಾಗುತ್ತದೆ, "ಬಾರೇ, ಹೋಗೇ" ಎನ್ನಬೇಕಾಗುತ್ತದೆ. ಅದು ಆಗದು. ಅದಕ್ಕೆ ಸೊಸೆಗೆ ಬೇರೆ ಹೆಸರಿಡುತ್ತಾರೆ. ಗಿರಿಜಮ್ಮನವರು ಯೋಚನೆ ಮಾಡಿ ಗೌರಿ ಎಂದು ಇಟ್ಟರು. ದೇವಿ ಒಬ್ಬಳೇ, ಕೂಗುವ ಹೆಸರು ಬೇರೆ. ಆ ಮನೆಯ ಹೊಸಿಲು ದಾಟಿದ ಮೇಲೆ ಆ ಹುಡುಗಿ ಗೌರಿ.

ಮದುವೆಯಾಗಿ ತಿಂಗಳಿಗೆ ನಾನು ರಿಜಿಸ್ಟರ್ ಹಿಡಿದು ಹೋದೆ. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಹುಡುಗಿಯನ್ನು ಹೆಸರು ಕೇಳಿದೆ. ಆಚೀಚೆ ನೋಡಿ, ಸಣ್ಣ ದನಿಯಲ್ಲಿ, "ಗಿರಿಜಾ. ಸ್ಕೂಲ್ ಸರ್ಟಿಫಿಕೇಟಲ್ಲಿ ಅದೇ ಐತೆ ಅಕ್ಕ, ಅದನ್ನೇ ಬರ್ಕೊಳ್ಳಿ" ಎಂದಳು. ಬರೆದೆ: ಗಿರಿಜಮ್ಮ ಕೋಂ ಮಹದೇವಪ್ಪ, ವಯಸ್ಸು ಹತ್ತೊಂಬತ್ತು. "ಕೋಂ" ಎಂದರೆ ಇಂಥವರ ಹೆಂಡತಿ ಎಂದು, ಕಛೇರಿಯ ಮಾತು.

ನಡುಮನೆಗೆ ಬಂದರೆ ಅತ್ತೆ ನನ್ನನ್ನು ಮೂಲೆಗೆ ಕರೆದರು. "ನನ್ ಹೆಸರು ಆ ಪುಸ್ತಕದಿಂದ ಹೊಡೆದಾಕ್ಬಿಡಿ ನರ್ಸಮ್ಮ. ನನಗೆ ನಲವತ್ತಾರು ಆಯ್ತು."

"ಹೋದ ವರ್ಷ ನಲವತ್ತೊಂದು ಅಂದಿದ್ರಿ?"

"ಸೊಸೆ ಬಂದ್ಮೇಲೆ ವಯಸ್ಸು ಬೇಗ ಏರುತ್ತೆ. ಅತ್ತೆ ಸೊಸೆ ಇಬ್ರೂ ಆ ಪುಸ್ತಕದಲ್ಲಿದ್ರೆ ಹೆಂಗವ್ವ? ಹೊಡೀರಿ ಅತ್ಲಾಗೆ."

ಹೊಡೆದೆ. ಈಗ ನಲವತ್ತೊಂದನೇ ಮನೆಯಲ್ಲಿ ನನ್ನ ಪುಸ್ತಕದ ಪ್ರಕಾರ ಒಬ್ಬಳೇ ಗಿರಿಜಮ್ಮ.

ಅದಾಗಿ ಹದಿನೈದು ದಿನಕ್ಕೆ ಅದೇ ಅತ್ತೆ ಸೆರಗು ಮುಖಕ್ಕೆ ಮುಚ್ಚಿಕೊಂಡು ಉಪಕೇಂದ್ರದ ಹಿಂಬಾಗಿಲಿಗೆ ಬಂದರು. ಮುಟ್ಟು ನಿಂತಂತಾಗಿ ಎರಡು ವಾರ ಜೀವ ಕೈಯಲ್ಲಿ ಹಿಡಿದಿದ್ದರಂತೆ, ಹಿಂದಿನ ದಿನವಷ್ಟೇ ಹೊರಗಾಗಿ ನೆಮ್ಮದಿಯಾಗಿತ್ತು. "ಸೊಸೆಗಿಂತ ಮುಂಚೆ ಅತ್ತೆ ಬಸುರಿ ಅಂತ ಆಗಿದ್ದಿದ್ರೆ ನಾನು ಬಾವಿ ನೋಡ್ಕೋಬೇಕಿತ್ತು ಕಣವ್ವ. ಅದೇನೋ ಆಪರೇಷನ್ ಮಾಡ್ತೀರಲ್ಲ, ಮಾಡಿಸ್ಬಿಡಿ. ಯಾರಿಗೂ ಗೊತ್ತಾಗ್ಬಾರ್ದು. ನಮ್ ಯಜಮಾನರಿಗೆ ಗೊತ್ತು, ಅವ್ರು ಹೇಳಲ್ಲ. ಅವ್ರು ಏನೂ ಹೇಳಲ್ಲ."

ಆಗ ಹೊಸದಾಗಿ ಬಂದಿದ್ದ ಪದ್ಧತಿ ಅದು. ಹೊಕ್ಕಳ ಹತ್ತಿರ ಸಣ್ಣದೊಂದು ತೂತು ಮಾಡಿ ಕೊಳವೆಯಲ್ಲಿ ನೋಡಿಕೊಂಡು ಮಾಡುವುದು. ಸೀಳುವುದಿಲ್ಲ, ಗುರುತು ಉಳಿಯುವುದಿಲ್ಲ ಎಂದು ನಾವು ಜೀಪಿಗೆ ಮೈಕು ಕಟ್ಟಿ ಊರೂರಲ್ಲಿ ಸಾರಿದ್ದೆವು. ಆಷಾಢದಲ್ಲಿ ಒಂದು ಕ್ಯಾಂಪು ನಡೆಯುವುದಿತ್ತು. ಆಷಾಢಕ್ಕೆ ಹೊಸ ಸೊಸೆ ತವರಿಗೆ ಹೋಗುತ್ತಾಳಲ್ಲ, ಗಿರಿಜಮ್ಮನವರಿಗೆ ಹೇಳಿ ಮಾಡಿಸಿದ ಹಾಗಾಯಿತು. ಬೀರೂರಿನ ತಂಗಿಯ ಮನೆಗೆ ಹೋಗುತ್ತೇನೆಂದು ಮಗನಿಗೆ ಹೇಳಿ ಗಂಡನ ಜೊತೆ ಹೊರಟರು. ಚೀಟಿಯನ್ನು ನಾನೇ ಬರೆದೆ: ಗಿರಿಜಮ್ಮ ಕೋಂ ಸಿದ್ಧಲಿಂಗಪ್ಪ, ಮನೆ ನಂಬರ್ ನಲವತ್ತೊಂದು, ವಯಸ್ಸು ನಲವತ್ತೆರಡು. ಆಪರೇಷನ್ ಸುಸೂತ್ರವಾಗಿ ಆಯಿತು. ಎಂಟು ದಿನ ತಂಗಿಯ ಮನೆಯಲ್ಲಿ ಉಂಡು ಮಲಗಿ, ಅವರು ಹೋಗುವಾಗ ಇದ್ದದ್ದಕ್ಕಿಂತ ಕೆಂಪಗಾಗಿ ಬಂದರು. ನಿಯಮದ ಪ್ರಕಾರ ನಾನು ಅವರ ಹೆಸರನ್ನು ರಿಜಿಸ್ಟರಿನಲ್ಲಿ ಮತ್ತೆ ಬರೆಯಬೇಕಿತ್ತು. "ಆ ಪುಸ್ತಕಕ್ಕೆ ಮಾತ್ರ ಬೇಡ" ಎಂದು ಕೈ ಮುಗಿದಿದ್ದರಿಂದ ನಾಳೆ ನೋಡೋಣ ಎಂದು ಬಿಟ್ಟೆ.

ತಿಂಗಳ ಮೀಟಿಂಗ್ ಬಂತು. ಮೀಟಿಂಗಿನಲ್ಲಿ ರುದ್ರಪ್ಪನವರು ಮೂಗಿನ ತುದಿಗೆ ಕನ್ನಡಕ ಇಳಿಸಿ ಕ್ಯಾಂಪಿನ ಪಟ್ಟಿಯನ್ನು ಗಟ್ಟಿಯಾಗಿ ಓದುವುದು, ನಾವು ನಮ್ಮ ನಮ್ಮ ರಿಜಿಸ್ಟರಿನಲ್ಲಿ ಕೆಂಪು ಶ ಹಾಕಿಕೊಳ್ಳುವುದು. ನಾನು ಪಕ್ಕದ ಸೆಂಟರಿನ ನರ್ಸಿನ ಹತ್ತಿರ ಹೊಸ ಪ್ರೆಶರ್ ಕುಕ್ಕರ್ ಎಷ್ಟು ಸೀಟಿಗೆ ಬೇಳೆ ಬೇಯಿಸುತ್ತದೆ ಎಂದು ವಿಚಾರಿಸುತ್ತಿದ್ದೆ. ಬೇಳೆ ಮುಖ್ಯ ನೋಡಿ.

"ನಲವತ್ತೊಂದು, ಗಿರಿಜಮ್ಮ!"

"ಹೂಂ, ಆಯ್ತು ಸಾರ್" ಎಂದೆ. ನಲವತ್ತೊಂದರಲ್ಲಿದ್ದ ಒಬ್ಬಳೇ ಗಿರಿಜಮ್ಮನ ಮುಂದೆ ಶ ಬರೆದೆ. ಹತ್ತೊಂಬತ್ತು ವಯಸ್ಸಿನ, ಮಕ್ಕಳಿಲ್ಲದ, ಮದುವೆಯಾಗಿ ಮೂರು ತಿಂಗಳಾದ ಗಿರಿಜಮ್ಮ. ಕೈ ತನ್ನ ಪಾಡಿಗೆ ಬರೆಯಿತು, ತಲೆ ಕುಕ್ಕರಿನಲ್ಲಿತ್ತು.

ಶ್ರಾವಣದಲ್ಲಿ ಬಸಪ್ಪಯ್ಯನವರು ಯಾವುದೋ ಗಂಡಿಗೆ ಹೆಣ್ಣು ಹುಡುಕುತ್ತಾ ಬಂದರು. ನಾನು ಒಳಗೆ ಸಿರಿಂಜ್ ಕುದಿಸುತ್ತಿದ್ದೆ. ಅವರು ಪುಸ್ತಕ ತಿರುವಿದರು. ನಾನು ಹೊರಗೆ ಬರುವಷ್ಟರಲ್ಲಿ ಜಗಲಿ ಖಾಲಿ. ಏನೂ ಕೇಳದೆ ಹೋದರಲ್ಲ ಎಂದು ನನಗೆ ಸಮಾಧಾನವೇ ಆಯಿತು!

ನಲವತ್ತೊಂದರ ಹೊಸ ಸೊಸೆಗೆ ಆಪರೇಷನ್ ಆಗಿದೆ ಎಂಬ ಸುದ್ದಿ ಸಂಜೆ ಹೊತ್ತಿಗೆ ಶಿವನಿ ಸ್ಟೇಷನ್ ಮುಟ್ಟಿತ್ತು. ಮರುದಿನ ಅಜ್ಜಂಪುರದ ಸಂತೆಯಲ್ಲಿ ಅದಕ್ಕೆ ಮೂರು ಅವತಾರ. ಹುಡುಗಿಗೆ ಮೊದಲೇ ಏನೋ ಕಾಯಿಲೆ ಇತ್ತು, ಮುಚ್ಚಿಟ್ಟು ಕೊಟ್ಟರು ಎಂಬುದು ಒಂದು. ಆಷಾಢಕ್ಕೆ ತವರಿಗೆ ಹೋದಾಗ ಯಾರೋ ಆಪರೇಷನ್ನಿನ ಟಾರ್ಗೆಟ್ ತುಂಬಿಸಲು ಎತ್ತಿಹಾಕಿಕೊಂಡು ಹೋಗಿ ಮಾಡಿಬಿಟ್ಟರು ಎಂಬುದು ಇನ್ನೊಂದು. ಮೂರನೆಯದನ್ನು ಬರೆಯುವುದಿಲ್ಲ, ಅದು ಬಹಳ ಕೆಟ್ಟದಾಗಿತ್ತು.

ಮಹದೇವ ಬಂದ. ಸೈಕಲ್ ನಿಲ್ಲಿಸಲಿಲ್ಲ, ಬೀಳಿಸಿ ಬಂದ.

"ತೆಗೀರಿ ಪುಸ್ತಕ."

"ಮಾದೇವಣ್ಣ, ಅದು ಬರೆಯೋವಾಗ ಆದ ತಪ್ಪು. ನಿನ್ ಹೆಂಡ್ತಿಗೆ ಏನೂ ಆಗಿಲ್ಲ. ನನ್ನ ಕೈ ತಪ್ಪು."

"ಸರ್ಕಾರದ್ ಪುಸ್ತಕ ಸುಳ್ಳು ಹೇಳುತ್ತಾ?"

"ಪುಸ್ತಕ ಹೇಳಲ್ಲ ಕಣಪ್ಪ, ನಾನು ಹೇಳ್ಸಿದೀನಿ. ಬೇಕಾದ್ರೆ ಡಾಕ್ಟ್ರಿಂದ ಬರೆಸಿ ಕೊಡ್ತೀನಿ."

"ಡಾಕ್ಟ್ರೂ ನಿಮ್ಮೋರೇ, ಪುಸ್ತಕಾನೂ ನಿಮ್ದೇ. ಗುರುತೇ ಉಳಿಯಲ್ಲ ಅಂತ ಮೈಕಲ್ಲಿ ಕೂಗಿದ್ದೂ ನೀವೇ ಅಲ್ವಾ? ಇನ್ನ ನಾನು ಯಾವ್ದನ್ನ ನೋಡಿ ನಂಬ್ಲಿ?"

"ಲೋ, ಮಾಡಿಸ್ಕೊಂಡಿದ್ದು ನಿಮ್ಮವ್ವ ಕಣೋ" ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ನುಂಗಿದೆ. ಒಬ್ಬಳ ಗುಟ್ಟನ್ನು ಬಿಟ್ಟುಕೊಟ್ಟು ಇನ್ನೊಬ್ಬಳನ್ನು ಉಳಿಸುವುದು ನನ್ನ ಕೆಲಸವಲ್ಲ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ, ಆದರೂ ಅದು ಗೊತ್ತಿತ್ತು.

ಮಾರನೇ ಬೆಳಿಗ್ಗೆ ಆ ಹುಡುಗಿಯನ್ನು ಟ್ರಂಕಿನ ಸಮೇತ ದೇವನೂರಿಗೆ ಕಳಿಸಿಬಿಟ್ಟರು. ನಾಲ್ಕು ತಿಂಗಳ ಮದುವೆ ನನ್ನ ಒಂದು ಅಕ್ಷರಕ್ಕೆ ಮುರಿದು ಬೀಳುವುದರಲ್ಲಿತ್ತು.

ನಾನು ರುದ್ರಪ್ಪನವರ ಹತ್ತಿರ ಓಡಿದೆ. ಅವರು ಎಲೆಗೆ ಸುಣ್ಣ ಸವರುತ್ತಿದ್ದರು. ವಿಷಯವನ್ನೆಲ್ಲ ಹೇಳಿ, ಪಟ್ಟಿ ತೆಗೆಸಿ ನೋಡಿದರೆ, ಅಲ್ಲೂ ಗಿರಿಜಮ್ಮ ಕೋಂ ಮಹದೇವಪ್ಪ ಎಂದಿದೆ!

"ಸಾರ್, ನಾನು ಚೀಟೀಲಿ ಕೋಂ ಸಿದ್ಧಲಿಂಗಪ್ಪ ಅಂತ ಬರ್ದಿದ್ದೆ."

"ನೀನು ಹಂಗೇ ಬರ್ದಿದ್ದೆ ಕಣಮ್ಮ ಲಲಿತಮ್ಮ. ನಾನೇ ತಿದ್ದಿದೆ. ಮೀಟಿಂಗ್ ದಿನ ನಿನ್ ರಿಜಿಸ್ಟರ್ ನೋಡಿದ್ರೆ ಆ ಮನೇಲಿ ಸಿದ್ಧಲಿಂಗಪ್ಪನ ಹೆಂಡ್ತೀನೇ ಇಲ್ಲ. ಪುಸ್ತಕದಲ್ಲಿ ಇಲ್ಲದ ಹೆಂಗಸಿಗೆ ಆಪರೇಷನ್ ಆಗೋದು ಹೆಂಗೆ? ನೀನು ಅವಸರದಲ್ಲಿ ತಪ್ಪು ಬರೆದಿರ್ತೀಯ ಅಂತ ಉಪಕಾರ ಮಾಡಿದೆ."

"ಆಪರೇಷನ್ ಆದ ಹೆಂಗ್ಸು ಈರುಳ್ಳಿ ಹೊಲದಲ್ಲಿ ಕಳೆ ಕೀಳ್ತಾ ಕೂತವ್ರೆ ಸಾರ್."

"ಕೂತಿರ್ಲಿ. ಪುಸ್ತಕದಲ್ಲಿ ಕೂತಿಲ್ವಲ್ಲ."

ಇದನ್ನು ಅವರು ತಮಾಷೆಗೆ ಹೇಳಲಿಲ್ಲ. ತಿದ್ದುವುದಕ್ಕೂ ಅವರು ಸಿದ್ಧರೇ. ಆದರೆ ಸೊಸೆಯ ಶ ತೆಗೆದರೆ ಅದನ್ನು ಕೂರಿಸಲು ಇನ್ನೊಂದು ಸಾಲು ಬೇಕು, ಮೇಲಕ್ಕೆ ಹೋಗಿರುವ ಸಂಖ್ಯೆ ಕಡಿಮೆಯಾಗುವ ಹಾಗಿಲ್ಲ. ಡಾಕ್ಟರು ಕೇಳಿ ಹೊಟ್ಟೆ ಹಿಡಿದು ನಕ್ಕರು, ಆ ಮೇಲೆ ಗಂಭೀರವಾದರು. "ಹುಡುಗಿಗೆ ಆಪರೇಷನ್ ಆಗಿಲ್ಲ ಅಂತ ಈಗ್ಲೇ ಬರೆದು ಕೊಡ್ತೀನಿ, ತಗೊಂಡು ಹೋಗಿ. ಆದ್ರೆ ಅತ್ತೆ ಹೆಸರು ವಾಪಸ್ ಸೇರಿಸ್ಬೇಕು ಅಂದ್ರೆ ಆಕೆ ಒಪ್ಪಿ ತನ್ನ ವಯಸ್ಸು ತಾನೇ ಹೇಳ್ಬೇಕು ಕಣಮ್ಮ. ಅದನ್ನ ನಾವು ಹೇಳಕ್ಕಾಗಲ್ಲ" ಎಂದರು. ಅವರು ಬರೆದು ಕೊಟ್ಟ ಕಾಗದವನ್ನು ಮಹದೇವ ಓದಲೂ ಇಲ್ಲ.

ಗಿರಿಜಮ್ಮನವರು ಹೊಲದ ಬದುವಿನ ಮೇಲೆ ಸಿಕ್ಕಿದರು. ನಾನು ಬಾಯಿ ತೆರೆಯುವ ಮೊದಲೇ, "ಗೊತ್ತು ಬಿಡಿ" ಎಂದರು.

"ಅವ್ವಾ, ನೀವು ಒಂದ್ ಮಾತು ಹೇಳಿದ್ರೆ ಆ ಹುಡ್ಗಿ ಉಳ್ಕೊಳ್ತಾಳೆ."

"ನಾನು ಉಳ್ಕೊಳ್ಳೋದ್ ಹೆಂಗೆ? ನಾಳೆ ಬೀಗರ ಮನೇಲಿ, ಮಠದಲ್ಲಿ ನಾನು ತಲೆ ಎತ್ತಿ ನಡೀಬೇಡ್ವಾ? ಮಗನಿಗೆ ಮದುವೆ ಮಾಡಿ ಇವ್ರಿಬ್ರಿಗೆ ಇದೆಲ್ಲ ಬೇಕಿತ್ತಾ ಅಂತಾರೆ. ನೀವು ಏನಾರ ಬರೆದು ಸರಿ ಮಾಡಿ. ಬರೆದಿದ್ದು ನೀವೇ ಅಲ್ವಾ?"

ಆ ಕೊನೆಯ ಮಾತು ಚುಚ್ಚಿತು, ನಿಜವಾಗಿತ್ತಲ್ಲ. ಭಾನುವಾರ ನಾನು ರೈಲು ಹತ್ತಿ ಬೀರೂರಿನಲ್ಲಿ ಇಳಿದು, ಕಡೂರಿನಲ್ಲಿ ಬಸ್ ಬದಲಿಸಿ ದೇವನೂರಿಗೆ ಹೋದೆ. ಆ ಹುಡುಗಿ ಹಿತ್ತಲಲ್ಲಿ ಕಾಳು ಕೇರುತ್ತಿದ್ದಳು. ನನ್ನನ್ನು ಕಂಡು ಬೈಯಲಿಲ್ಲ, ಮೊರ ಕೆಳಗಿಟ್ಟಳು.

"ಅಲ್ಲಿ ನನ್ನ ಗೌರಿ ಅಂದ್ರು, ಹೂಂ ಅಂದೆ ಅಕ್ಕ. ಯಾರೋ ಬೇರೆಯೋರನ್ನ ಕೂಗ್ದ ಹಂಗಾಗ್ತಿತ್ತು, ಆದ್ರೂ ಓಗೊಟ್ಟೆ. ನಿಮ್ ಪುಸ್ತಕದಲ್ಲಾದ್ರೂ ನನ್ ಹೆಸರು ಇರ್ಲಿ ಅಂತ ಒಂದೇ ಒಂದ್ಸಲ ಹೇಳ್ದೆ. ಅದಕ್ಕೇ ಹಿಂಗಾಯ್ತಾ?"

ಕಣ್ಣು ಒರೆಸಿಕೊಂಡು, ತಕ್ಷಣ ನಕ್ಕು, "ಹೋಗ್ಲಿ, ಆ ಆಪರೇಷನ್ ಆದ ಗಿರಿಜಮ್ಮ ಯಾರಂತೆ? ಚೆನ್ನಾಗಿ ಅದಾರಂತಾ?" ಎಂದು ಕೇಳಿದಳು. ನಾನು ಹಿತ್ತಲ ತೆಂಗಿನಮರದ ತುದಿ ನೋಡುತ್ತಾ ನಿಂತೆ. ಅವಳು ಮತ್ತೆ ಕೇಳಲಿಲ್ಲ. ಜಾಣೆ. ಅವಳಿಗೆ ಗೊತ್ತಾಗಿಹೋಯಿತು ಎಂದು ನನಗೂ ಗೊತ್ತಾಯಿತು. ಆದರೂ ತನ್ನ ಅಪ್ಪನಿಗೆ ಅವಳು ಹೇಳಲಿಲ್ಲ ನೋಡಿ! ಹತ್ತೊಂಬತ್ತು ವಯಸ್ಸು.

ಮುಂದಿನ ವಾರ ಹುಡುಗಿಯ ಅಪ್ಪ ಮತ್ತು ದೊಡ್ಡಪ್ಪ ಮಾತು ಮುಗಿಸಲೆಂದು ಬಂದರು. ನಲವತ್ತೊಂದನೇ ಮನೆಯ ಪಡಸಾಲೆಯಲ್ಲಿ ಊರಿನ ಇಬ್ಬರು ಹಿರಿಯರು, ಕಂಬಕ್ಕೆ ಒರಗಿ ಸಿದ್ಧಲಿಂಗಪ್ಪ, ಹೊಸಿಲ ಹತ್ತಿರ ಮಹದೇವ. ಪುಸ್ತಕ ತಗೊಂಡು ಬಾ ಎಂದು ನನಗೆ ಕರೆ ಬಂತು. ಸಾಕ್ಷಿ ಹೇಳಬೇಕಾದ್ದು ಪುಸ್ತಕ, ನಾನು ಅದನ್ನು ಹೊತ್ತು ತರುವವಳು ಅಷ್ಟೇ.

ದೊಡ್ಡಪ್ಪ ಕೇಳಿದರು: "ಅಲ್ಲಿ ಬರ್ದಿರೋದು ನಿಜವೋ ಸುಳ್ಳೋ? ಒಂದು ಹೇಳವ್ವ."

"ಆಪರೇಷನ್ ಆಗಿರೋದು ನಿಜ. ಬರ್ದಿರೋ ಸಾಲು ತಪ್ಪು."

"ಹಂಗಾದ್ರೆ ಸರಿಯಾದ ಸಾಲು ಯಾವ್ದು?"

"ಅದನ್ನ ನಾನು ಹೇಳೋದಿಲ್ಲ. ಕೆಲ್ಸ ಹೋದ್ರೂ ಹೇಳೋದಿಲ್ಲ."

"ಇದೊಳ್ಳೆ ಪಂಚಾಯ್ತಿ ಆಯ್ತಲ್ಲಪ್ಪ! ಆಪರೇಷನ್ ಐತೆ, ಹೆಂಗ್ಸು ಇಲ್ಲ!" ಎಂದರು ಹಿರಿಯರಲ್ಲಿ ಒಬ್ಬರು.

ಸಿದ್ಧಲಿಂಗಪ್ಪನವರು ತಲೆಯ ರುಮಾಲು ಬಿಚ್ಚಿದರು, ಕಟ್ಟಿದರು, ಮತ್ತೆ ಬಿಚ್ಚಿದರು. ಮಹದೇವ, "ನೋಡಿದ್ರಾ? ಎಲ್ಲಾ ಸೇರಿ ಮುಚ್ತಾ ಅದಾರೆ. ನನಗೆ ಈ ಸಂಬಂಧ ಬೇಡ" ಎಂದ. ಹುಡುಗಿಯ ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮುಖಕ್ಕೆ ಹಿಡಿದುಕೊಂಡರು. ಐವತ್ತು ದಾಟಿದ ಗಂಡಸು ನೆಂಟರ ಮನೆಯ ಪಡಸಾಲೆಯಲ್ಲಿ ಹಾಗೆ ಕೂತದ್ದನ್ನು ನೋಡಲಾಗಲಿಲ್ಲ.

ಒಳಗೆ ಪಾತ್ರೆಯ ಸದ್ದು ನಿಂತಿತು. ಗಿರಿಜಮ್ಮನವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು.

"ಲೋ ಮಾದೇವ, ನಿನ್ ಹೆಂಡ್ತಿ ಹೆಸರೇನೋ?"

"ಇದೇನವ್ವ ಈಗ? ಗೌರಿ."

"ಗೌರಿ ಅಂತ ಇಟ್ಟಿದ್ದು ಯಾರು?"

"ನೀನೇ. ನಿನ್ ಹೆಸರು ನಾನು ಕೂಗ್ಬಾರ್ದು ಅಂತ."

"ಹಂಗಾದ್ರೆ ಈ ಮನೇಲಿ ಗಿರಿಜಮ್ಮ ಎಷ್ಟ್ ಜನ?"

ಅವನ ಉತ್ತರಕ್ಕೆ ಅವರು ಕಾಯಲಿಲ್ಲ.

"ಒಬ್ಳೇ. ನಾನು. ಆಷಾಢದಲ್ಲಿ ಬೀರೂರಿಗೆ ನಿಮ್ ಚಿಕ್ಕಮ್ಮನ್ನ ನೋಡಕ್ಕೆ ಹೋಗ್ಲಿಲ್ಲ ಕಣೋ. ಆ ಪುಸ್ತಕದಲ್ಲಿರೋಳೂ ನಾನೇ. ಈಗ ನಗೋರೆಲ್ಲ ನಕ್ಬಿಡಿ, ಒಂದೇ ಸಲಕ್ಕೆ ಮುಗೀಲಿ."

ಯಾರೂ ನಗಲಿಲ್ಲ. ಸಿದ್ಧಲಿಂಗಪ್ಪನವರು ಅವತ್ತಿನ ತಮ್ಮ ಒಂದೇ ಮಾತನ್ನು ಆಡಿದರು: "ಫಾರಂಗೆ ರುಜು ಹಾಕಿದ್ದು ನಾನು."

ಆಗ ದೊಡ್ಡಪ್ಪನಿಗೆ ತಡೆಯಲಾಗಲಿಲ್ಲ. ಮೊದಲು ಮೀಸೆ ಅಲುಗಿತು, ಆ ಮೇಲೆ ಹೊಟ್ಟೆ. ಟವೆಲ್ಲಿನ ಒಳಗಿನಿಂದ ಹುಡುಗಿಯ ಅಪ್ಪನೂ ನಕ್ಕರು. "ಅಲ್ಲ ಕಣ್ರವ್ವಾ, ಮದುವೇಲಿ ನಿಮ್ಗೆ ನಲವತ್ತಾರು ಅಂದಿದ್ರಿ?" ಎಂದರು.

"ನಲವತ್ತೆರಡು. ಬರ್ಕೊಳ್ಳಿ ನರ್ಸಮ್ಮ. ಎಲ್ರೂ ಇದಾರೆ, ಎಲ್ರೂ ಕೇಳಿಸ್ಕೊಳ್ಳಿ."

ಅಲ್ಲೇ ಕೂತು ಬರೆದೆ.

ಮರುದಿನ ರುದ್ರಪ್ಪನವರು ಒಂದು ಶ ಹೊಡೆದು ಇನ್ನೊಂದು ಶ ಬರೆದರು. ತಿಂಗಳ ಒಟ್ಟು ಕೂಡಿಸಿ ನೋಡಿ, "ನೋಡಮ್ಮ, ಏನೂ ವ್ಯತ್ಯಾಸ ಆಗ್ಲಿಲ್ಲ" ಎಂದು ಸಂತೋಷಪಟ್ಟರು. ಹೌದು. ಮೊದಲೂ ಒಂದು, ಆ ಮೇಲೂ ಒಂದು. ಒಂದು ಮನೆ ಬಿದ್ದು ಎದ್ದದ್ದು ಆ ಒಟ್ಟಿನಲ್ಲಿ ಕಾಣಲೇ ಇಲ್ಲ. ನಿಮ್ಮ ಮೊಬೈಲಿನಲ್ಲಿ ಕಾಣುತ್ತದೆಯೋ ಏನೋ, ನನಗೆ ಗೊತ್ತಿಲ್ಲ ಮಕ್ಕಳೇ. ನಾನಂತೂ ಅಂದಿನಿಂದ ಪುಸ್ತಕಗಳನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದಕೈಯನ್ನು ತಾಳಿಸರಕ್ಕೆ ಕಟ್ಟಿಕೊಂಡೆ. ಬಸಪ್ಪಯ್ಯನವರು ಬಂದು ಕೆಮ್ಮುತ್ತಾ ಕೂತಿದ್ದು ಎದ್ದು ಹೋಗುತ್ತಿದ್ದರು.

ಎಲ್ಲಾ ಸರಿಹೋಯಿತು ಎಂದುಕೊಂಡರೆ ಹುಡುಗಿ ಬರಲಿಲ್ಲ. ಮಹದೇವ ಹೋಗಿ ಎರಡು ಸಲ ಬರಿಗೈಯಲ್ಲಿ ಬಂದ. ಅಪ್ಪನ ಕೈಲಿ ಅವಳು ಹೇಳಿಕಳಿಸಿದ್ದು ಇಷ್ಟು: "ಅತ್ತೇನೇ ಬಂದು ಕರೀಬೇಕು. ನನ್ನ ಹೆಸರು ಹಿಡಿದು ಕರೀಬೇಕು."

"ನನ್ ಹೆಸರು ನಾನೇ ಕೂಗ್ಲಾ? ಹುಚ್ಚು ಹಿಡಿದೋಳ ಹಂಗೆ?" ಎಂದು ಗಿರಿಜಮ್ಮನವರು ನನ್ನೆದುರು ರೇಗಿದರು. ಆದರೆ ಸೋಮವಾರ ಹಣ್ಣು ಹೂ ಕಟ್ಟಿಕೊಂಡು ಒಬ್ಬರೇ ರೈಲು ಹತ್ತಿದರು.

ಮರುದಿನ ಅವರು ಬರುವ ಪ್ಯಾಸೆಂಜರ್ ಗಾಡಿಯ ಹೊತ್ತಿಗೆ ನಾನು ಬೇಕೆಂದೇ ಶಿವನಿ ಸ್ಟೇಷನ್ನಿಗೆ ಹೋದೆ. ಮಹದೇವ ಮೊದಲೇ ಬಂದು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಪ್ಲಾಟ್‌ಫಾರಂ ಅಳೆಯುತ್ತಿದ್ದ. ಗಾಡಿ ನಿಂತಿತು. ಗಿರಿಜಮ್ಮನವರು ಇಳಿದರು. ದೇವನೂರಿನಲ್ಲಿ ಅವರು "ಏಳವ್ವ, ಹೋಗಾಣ" ಎಂದಷ್ಟೇ ಹೇಳಿದ್ದರಂತೆ. ಹುಡುಗಿ ಮರುಮಾತಿಲ್ಲದೆ ಜೊತೆಗೆ ಹೊರಟುಬಂದಿದ್ದಳು. ಈಗ ಮಾತ್ರ ಕಿಟಕಿಯ ಪಕ್ಕ, ಟ್ರಂಕನ್ನು ತೊಡೆಯ ಮೇಲಿಟ್ಟುಕೊಂಡು, ಗಟ್ಟಿಯಾಗಿ ಕೂತಿದ್ದಳು.

"ಇಳಿಯವ್ವ" ಎಂದರು ಗಿರಿಜಮ್ಮ.

ಹುಡುಗಿ ಆಕಾಶ ನೋಡಿದಳು.

"ಏ ಹುಡ್ಗೀ, ಊರು ಬಂತು."

ಅವಳು ಸೆರಗು ಸರಿಮಾಡಿಕೊಂಡಳು. ಗಾರ್ಡ್ ಹಸಿರು ಬಾವುಟ ಬಿಚ್ಚಿದ. ಮಹದೇವ ಡಬ್ಬಿಯ ಬಾಗಿಲಿಗೆ ಓಡಿ, "ಗೌ..." ಎಂದು ಶುರುಮಾಡಿ, ಅವಳ ನೋಟ ಕಂಡು ಅಲ್ಲಿಗೇ ನುಂಗಿದ. ಇಂಜಿನ್ ಕೂಗಿತು.

ಗಿರಿಜಮ್ಮನವರು ಬೀಗರು ಕೊಟ್ಟ ಹಣ್ಣಿನ ಬುಟ್ಟಿಯನ್ನು ದೊಪ್ಪೆಂದು ಕೆಳಗಿಟ್ಟು, ಎರಡೂ ಕೈ ಬಾಯಿಗೆ ಹಿಡಿದು, ಇಡೀ ಸ್ಟೇಷನ್ ತಿರುಗಿ ನೋಡುವ ಹಾಗೆ ಕೂಗಿದರು:

"ಲೇ ಗಿರಿಜಾ! ಇಳಿಯೇ! ಗಾಡಿ ಹೊರಡ್ತೈತೆ!"

"ಬಂದೆ ಅತ್ತೆ" ಎಂದಳು ಅವಳು, ಏನೂ ಅವಸರವಿಲ್ಲದವಳ ಹಾಗೆ. ಟ್ರಂಕನ್ನು ಗಂಡನ ಕೈಗೆ ದಾಟಿಸಿ, ಅತ್ತೆಯ ಭುಜ ಹಿಡಿದು, ಚಲಿಸಲು ಶುರುವಾಗಿದ್ದ ಗಾಡಿಯಿಂದ ಕೆಳಗೆ ಕಾಲಿಟ್ಟಳು.